ಅಳಿವೆಯ ಕಡಲಕ್ಕಿಗಳು: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಚಳಿಗಾಲ ಕಾಲಿಡುತ್ತಿದ್ದಂತೆ ಅಳಿವೆಗಳ ಮರಳುದಿಣ್ಣೆಗಳ ಮೇಲೆ ಕಡಲಕ್ಕಿಗಳು ಬಂದಿಳಿಯುತ್ತವೆ, ಅವುಗಳ ಬೆನ್ನಿಗೇ ಅವುಗಳನ್ನು ಕುರಿತ ಪತ್ರಗಳು ನಮ್ಮ ಮೇಜಿಗೆ ಬಂದಿಳಿಯುತ್ತವೆ. ಈ ಸಂಚಿಕೆಗಾಗಿ ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಎಂಟನ್ನು ಆರಿಸಿಕೊಂಡಿದ್ದೇವೆ. ಇಲ್ಲಿ ‘ಕಡಲಕ್ಕಿ’ ಎಂಬ ಮಾತನ್ನು ಕಡಲಿನ ಹಕ್ಕಿಗಳೆಲ್ಲಕ್ಕೂ ಅಲ್ಲ, ‘ಗಲ್’ ಎಂದು ಹಕ್ಕಿವೀಕ್ಷಕರು ಕರೆಯುವ ಗುಂಪಿಗೆ ಮಾತ್ರ ಬಳಸಲಾಗಿದೆ. ಜಗತ್ತಿನಲ್ಲಿ ಈ ಗುಂಪಿನ ಸುಮಾರು 50 ಪ್ರಭೇದಗಳಿವೆ.

ಪ್ರಶ್ನೆ: ಎರಡು ವರ್ಷಗಳಿಂದ ಹಕ್ಕಿಗಳನ್ನು ನೋಡುತ್ತಿದ್ದೇನೆ, ಬಕ, ಮಿಂಚುಳ್ಳಿ, ಗೊರವಗಳನ್ನು ತಕ್ಕಮಟ್ಟಿಗೆ ಗುರುತಿಸಬಲ್ಲೆ. ಆದರೆ ಅಳಿವೆಯ ದಿಣ್ಣೆಯ ಮೇಲೆ ಕುಳಿತ ಕಡಲಕ್ಕಿಗಳ ಹಿಂಡಿನಲ್ಲಿ ಒಂದರಂತೆ ಇನ್ನೊಂದಿಲ್ಲ. ಒಂದು ಪೂರಾ ಕಂದು, ಒಂದು ಬೂದು-ಬಿಳಿ, ಮತ್ತೊಂದು ಎರಡೂ ಬೆರೆತಂತಿದೆ. ಕೈಪಿಡಿಯಲ್ಲಿ ಒಂದೊಂದು ಪ್ರಭೇದಕ್ಕೂ ಐದಾರು ಚಿತ್ರಗಳಿರುವುದರಿಂದ ಗೊಂದಲ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಎಲ್ಲಿಂದ ಆರಂಭಿಸಬೇಕು?

ಉತ್ತರ: ವಯಸ್ಸಿನಿಂದ ಆರಂಭಿಸಿ, ಹೆಸರು ಆಮೇಲೆ ಬರಲಿ. ಕಡಲಕ್ಕಿಗಳ ವಿಷಯದಲ್ಲಿ ಹೊಸಬರು ಎಡವುವುದು ಬಹುಮಟ್ಟಿಗೆ ಇಲ್ಲಿಯೇ. ‘ಇದು ಯಾವ ಪ್ರಭೇದ’ ಎಂದು ಕೇಳುವ ಮೊದಲು ‘ಇದು ಹುಟ್ಟಿ ಎಷ್ಟು ಚಳಿಗಾಲಗಳಾದವು’ ಎಂದು ಕೇಳಿಕೊಂಡರೆ ಕೈಪಿಡಿಯ ಅರ್ಧಕ್ಕಿಂತ ಹೆಚ್ಚು ಚಿತ್ರಗಳನ್ನು ಕೂಡಲೇ ಬದಿಗಿಡಬಹುದು. ನೀವು ಕಂಡ ಆ ಮೂರು ಬಗೆಯ ಹಕ್ಕಿಗಳು ಒಂದೇ ಪ್ರಭೇದದ ಮೂರು ವಯಸ್ಸಿನವು ಆಗಿದ್ದರೂ ಆಶ್ಚರ್ಯವಿಲ್ಲ.

ಕಡಲಕ್ಕಿ ಒಂದೇ ವರ್ಷದಲ್ಲಿ ಪ್ರೌಢ ಬಣ್ಣ ತಳೆಯುವುದಿಲ್ಲ. ಕರಿತಲೆ ಕಡಲಕ್ಕಿಯಂತಹ ಸಣ್ಣ ಪ್ರಭೇದಗಳು ತಮ್ಮ ಎರಡನೆಯ ಚಳಿಗಾಲದ ಹೊತ್ತಿಗೆ ಪ್ರೌಢ ಹಕ್ಕಿಯಂತೆಯೇ ಕಾಣುತ್ತವೆ, ಮಧ್ಯಮ ಗಾತ್ರದ ಹಲವಕ್ಕೆ ಮೂರನೆಯ ಚಳಿಗಾಲ ಬರಬೇಕು, ಹೆರಿಂಗ್ ಕಡಲಕ್ಕಿ, ಸಣ್ಣ ಕರಿಬೆನ್ನಿನ ಕಡಲಕ್ಕಿ ಮೊದಲಾದ ದೊಡ್ಡವಕ್ಕೆ ನಾಲ್ಕನೆಯ ಚಳಿಗಾಲ. ದೊಡ್ಡ ಕಡಲಕ್ಕಿಯ ಮೊದಲ ಚಳಿಗಾಲದ ಉಡುಗೆ ಸಾಮಾನ್ಯವಾಗಿ ಮೈತುಂಬ ಕಂದು ಚುಕ್ಕೆ ಮತ್ತು ಗೀರುಗಳದ್ದು, ಕೊಕ್ಕು ಹೆಚ್ಚುಕಡಿಮೆ ಪೂರ್ತಿ ಕಪ್ಪು, ಕಣ್ಣು ಕಪ್ಪು. ಎರಡನೆಯ ಚಳಿಗಾಲದಲ್ಲಿ ಬೆನ್ನಿನ ಮೇಲೆ ಬೂದು ಗರಿಗಳು ಅಲ್ಲಲ್ಲಿ ಮೂಡುತ್ತವೆ ಮತ್ತು ಕೊಕ್ಕಿನ ಬುಡ ತಿಳಿಯಾಗುತ್ತದೆ. ಮೂರನೆಯದರಲ್ಲಿ ಹಕ್ಕಿ ದೂರದಿಂದ ಪ್ರೌಢ ಹಕ್ಕಿಯಂತೆಯೇ ಕಂಡರೂ ರೆಕ್ಕೆಯ ಮೇಲ್ಭಾಗದಲ್ಲಿ ಕಂದು ಕಲೆಗಳು, ಬಾಲದಲ್ಲಿ ಒಂದಿಷ್ಟು ಕಪ್ಪು, ಕೊಕ್ಕಿನ ತುದಿಯ ಬಳಿ ಒಂದು ಕರಿಪಟ್ಟಿ ಉಳಿದಿರುತ್ತವೆ. ಸಣ್ಣ ಕಡಲಕ್ಕಿಗಳ ಮೊದಲ ಚಳಿಗಾಲದ ಹಕ್ಕಿಗೆ ಬೆನ್ನು ಆಗಲೇ ಬೂದು, ಆದರೆ ರೆಕ್ಕೆಗೆ ಅಡ್ಡಲಾಗಿ ಒಂದು ಕಂದು ಪಟ್ಟಿಯೂ ಬಾಲದ ತುದಿಗೆ ಒಂದು ಕರಿಪಟ್ಟಿಯೂ ಇರುತ್ತದೆ. ಇಷ್ಟು ಗೊತ್ತಿದ್ದರೆ ಬೆನ್ನು, ರೆಕ್ಕೆಯ ಮೇಲ್ಭಾಗ, ಬಾಲ, ಕೊಕ್ಕು ಎಂಬ ನಾಲ್ಕು ಕಡೆ ಕಣ್ಣಾಡಿಸಿ ವಯಸ್ಸನ್ನು ಅಂದಾಜಿಸಬಹುದು.

ಇದಕ್ಕೆ ಅಪವಾದಗಳಿವೆ. ಪಲ್ಲಾಸ್ ಕಡಲಕ್ಕಿ ಗಾತ್ರದಲ್ಲಿ ಅತಿ ದೊಡ್ಡದಾದರೂ ಮೊದಲ ಚಳಿಗಾಲದಲ್ಲಿಯೇ ಅದರ ಬೆನ್ನಿನ ಮೇಲೆ ಬೂದು ಮೂಡುತ್ತದೆ, ಆದ್ದರಿಂದ ಅದನ್ನು ಒಂದು ವರ್ಷ ದೊಡ್ಡದೆಂದು ಎಣಿಸುವವರುಂಟು. ಇನ್ನೊಂದು ಎಚ್ಚರಿಕೆ ಕಾಲಿನ ಬಣ್ಣಕ್ಕೆ ಸಂಬಂಧಿಸಿದ್ದು. ಕೈಪಿಡಿಗಳು ‘ಹಳದಿ ಕಾಲು’, ‘ಗುಲಾಬಿ ಕಾಲು’ ಎಂದು ದಪ್ಪಕ್ಷರದಲ್ಲಿ ಬರೆಯುವುದು ಪ್ರೌಢ ಹಕ್ಕಿಗೆ ಮಾತ್ರ ಸಲ್ಲುತ್ತದೆ. ಮುಂದೆ ಕಾಲು ಹಳದಿಯಾಗಲಿರುವ ದೊಡ್ಡ ಪ್ರಭೇದಗಳ ಎಳೆಯ ಹಕ್ಕಿಗಳಿಗೂ ಮೊದಮೊದಲು ಮಂಕು ಗುಲಾಬಿ ಕಾಲುಗಳೇ ಇರುತ್ತವೆ. ಈ ಅಂಕಣಕಾರನೂ ಬಹಳ ಹಿಂದೆ ಇಂತಹ ಒಂದು ಎಳೆಯ ಹಕ್ಕಿಯನ್ನು ಕಾಲಿನ ಬಣ್ಣವೊಂದನ್ನೇ ನಂಬಿ ಮೂರು ಭೇಟಿಗಳಲ್ಲಿ ಮೂರು ಹೆಸರಿನಿಂದ ಟಿಪ್ಪಣಿ ಪುಸ್ತಕದಲ್ಲಿ ಬರೆದಿದ್ದಾನೆ, ಮೂರೂ ತಪ್ಪು.

ನೀವು ಕಡಲಕ್ಕಿಗಳನ್ನು ಕಲಿಯುವ ಮೊದಲ ವರ್ಷ ನಿಮ್ಮ ಅಳಿವೆಯಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿರುವ ಒಂದೇ ಪ್ರಭೇದವನ್ನು ಆರಿಸಿಕೊಂಡು, ಅದರ ಎಲ್ಲ ವಯಸ್ಸುಗಳನ್ನೂ ಕಣ್ಣಿಗೆ ರೂಢಿಸಿಕೊಳ್ಳಿ. ಬೇರೆಯದು ಬಂದು ಅವುಗಳ ನಡುವೆ ಕುಳಿತಾಗ ಅದು ಬೇರೆಯದೆಂದು ತಾನಾಗಿಯೇ ಎದ್ದು ಕಾಣುತ್ತದೆ.

ಪ್ರಶ್ನೆ: ಕಡಲಕ್ಕಿಗೂ ರೀವಕ್ಕೂ (ಟರ್ನ್) ಇರುವ ವ್ಯತ್ಯಾಸವನ್ನು ಸರಳವಾಗಿ ತಿಳಿಸುವಿರಾ?

ಉತ್ತರ: ಹಾರುವಾಗ ನೋಡಿ. ರೀವದ ರೆಕ್ಕೆಗಳು ಕಿರಿದು ಮತ್ತು ಚೂಪು, ಬಾಲ ಸಾಮಾನ್ಯವಾಗಿ ಕವಲೊಡೆದದ್ದು. ಅದು ಕೊಕ್ಕನ್ನು ನೀರಿನತ್ತ ಬಾಗಿಸಿಕೊಂಡು ಹಾರುತ್ತ, ಮೀನು ಕಂಡೊಡನೆ ತಲೆಕೆಳಗಾಗಿ ಧುಮುಕುತ್ತದೆ. ಕಡಲಕ್ಕಿಯ ರೆಕ್ಕೆ ಅಗಲ, ಬಾಲದ ತುದಿ ಹೆಚ್ಚಿನವುಗಳಲ್ಲಿ ನೇರ ಅಥವಾ ತುಸು ದುಂಡು, ಕೊಕ್ಕು ದಪ್ಪ ಮತ್ತು ತುದಿಯಲ್ಲಿ ಬಾಗಿದ್ದು. ಕುಳಿತಿರುವಾಗ ಕಾಲುಗಳೇ ಹೇಳುತ್ತವೆ: ರೀವ ಗಿಡ್ಡ ಕಾಲುಗಳ ಮೇಲೆ ಮರಳಿಗೆ ಅಂಟಿಕೊಂಡಂತಿರುತ್ತದೆ, ಕಡಲಕ್ಕಿ ಎತ್ತರವಾಗಿ ನಿಂತು ಸಲೀಸಾಗಿ ನಡೆದಾಡುತ್ತದೆ. ನೀರಿನ ಮೇಲೆ ಬಹಳ ಹೊತ್ತು ತೇಲುತ್ತ ಕುಳಿತಿದ್ದರೆ ಅದು ಕಡಲಕ್ಕಿಯಾಗಿರುವ ಸಂಭವವೇ ಹೆಚ್ಚು.

ಪ್ರಶ್ನೆ: ಕರಿತಲೆ ಕಡಲಕ್ಕಿ ಮತ್ತು ಕಂದುತಲೆ ಕಡಲಕ್ಕಿಗಳನ್ನು ಚಳಿಗಾಲದಲ್ಲಿ ಬೇರ್ಪಡಿಸುವುದು ಹೇಗೆ? ಆಗ ಎರಡಕ್ಕೂ ತಲೆ ಬಿಳಿಯಾಗಿಯೇ ಇರುತ್ತದಲ್ಲ? ಅಲ್ಲದೆ ಫೆಬ್ರುವರಿಯಲ್ಲಿ ಅರ್ಧ ತಲೆ ಮಾತ್ರ ಕಪ್ಪಾದ ಹಕ್ಕಿಯೊಂದನ್ನು ನೋಡಿದೆ. ಅದು ಮೂರನೆಯ ಪ್ರಭೇದವೇ?

ಉತ್ತರ: ಹೆಸರಿನಲ್ಲಿಯೇ ಮೊದಲ ತೊಡಕಿದೆ. ಕರಿತಲೆ ಕಡಲಕ್ಕಿಯ ತಲೆ ಸಂತಾನ ಕಾಲದಲ್ಲಿಯೂ ನಿಜವಾಗಿ ಕಪ್ಪಲ್ಲ, ಕಡುಕಂದು. ಕಂದುತಲೆಯದು ಅದಕ್ಕಿಂತ ತಿಳಿಯಾದ ಕಂದು, ಅಂಚು ಮಾತ್ರ ಗಾಢ. ಚಳಿಗಾಲದಲ್ಲಿ ಎರಡೂ ಆ ಮುಸುಕನ್ನು ಕಳಚಿ, ಕಿವಿಯ ಜಾಗದಲ್ಲಿ ಒಂದು ಗಾಢ ಚುಕ್ಕೆಯನ್ನು ಉಳಿಸಿಕೊಳ್ಳುತ್ತವೆ. ಆದ್ದರಿಂದ ತಲೆಯನ್ನು ಬಿಟ್ಟು ರೆಕ್ಕೆಯನ್ನು ನೋಡಬೇಕು.

ಕರಿತಲೆ ಕಡಲಕ್ಕಿ ಹಾರಿದಾಗ ರೆಕ್ಕೆಯ ಹೊರಭಾಗದ ಮುಂದಂಚಿನಲ್ಲಿ ಒಂದು ಉದ್ದನೆಯ ಬಿಳಿ ತ್ರಿಕೋನ ಮಿಂಚುತ್ತದೆ, ಕಪ್ಪು ಎಂಬುದು ತುದಿಗರಿಗಳ ಹಿಂದಂಚಿಗೆ ತೆಳ್ಳಗೆ ಸವರಿದಂತೆ ಮಾತ್ರ ಇರುತ್ತದೆ. ಕಂದುತಲೆ ಕಡಲಕ್ಕಿಯ ರೆಕ್ಕೆಯ ತುದಿ ಅಗಲವಾಗಿ ಕಪ್ಪು, ಆ ಕಪ್ಪಿನೊಳಗೆ ಪ್ರೌಢ ಹಕ್ಕಿಯಲ್ಲಿ ಎರಡು ಬಿಳಿ ಚುಕ್ಕೆಗಳು ಎದ್ದು ಕಾಣುತ್ತವೆ. ಹಕ್ಕಿವೀಕ್ಷಕರ ಮಾತಿನಲ್ಲಿ ಇವು ‘ಕನ್ನಡಿ’ಗಳು. ಮೊದಲ ಚಳಿಗಾಲದ ಹಕ್ಕಿಗೆ ಈ ಕನ್ನಡಿಗಳಿರುವುದಿಲ್ಲ, ಆದರೆ ತುದಿಯ ಅಗಲವಾದ ಕಪ್ಪು ಇದ್ದೇ ಇರುತ್ತದೆ. ಕುಳಿತ ಹಕ್ಕಿಯಾದರೆ ಕಣ್ಣನ್ನು ನೋಡಿ: ಪ್ರೌಢ ಕಂದುತಲೆಯ ಕಣ್ಣು ತಿಳಿ ಬಣ್ಣದ್ದು, ಕರಿತಲೆಯದು ಗಾಢ. ಜೊತೆಗೆ ಕಂದುತಲೆ ತುಸು ದೊಡ್ಡದು, ಕೊಕ್ಕೂ ತುಸು ದಪ್ಪ. ಆದರೆ ಪಕ್ಕಪಕ್ಕದಲ್ಲಿ ಎರಡೂ ಇಲ್ಲದಿದ್ದರೆ ಈ ‘ತುಸು’ವನ್ನು ನೆಚ್ಚಬಾರದು.

ಇವೆರಡರ ನಡುವೆ ತೆಳುಕೊಕ್ಕಿನ ಕಡಲಕ್ಕಿ ಸೇರಿಕೊಂಡಿರಬಹುದು. ಅದರ ರೆಕ್ಕೆ ಕರಿತಲೆಯದನ್ನೇ ಹೋಲುವುದರಿಂದ ಅನೇಕರು ಅದನ್ನು ನೋಡಿಯೂ ನೋಡದಂತೆ ದಾಟಿಹೋಗುತ್ತಾರೆ. ಇಲ್ಲಿ ಆಕಾರವೇ ಆಧಾರ. ಹಣೆ ಇಳಿಜಾರಾಗಿ ಉದ್ದನೆಯ ಕೊಕ್ಕಿಗೆ ಸೇರಿಕೊಳ್ಳುತ್ತದೆ, ಕುತ್ತಿಗೆ ಉದ್ದ, ಪ್ರೌಢ ಹಕ್ಕಿಯ ಕಣ್ಣು ತಿಳಿ, ಕಿವಿಯ ಚುಕ್ಕೆ ಇರುವುದೇ ಇಲ್ಲ ಅಥವಾ ಮಸುಕಾಗಿ ಇರುತ್ತದೆ. ಸಂತಾನ ಕಾಲದಲ್ಲಿಯೂ ಇದಕ್ಕೆ ತಲೆಮುಸುಕು ಬರುವುದಿಲ್ಲ. ಚಳಿಗಾಲದ ಕೊನೆಗೆ ಸುತ್ತಲಿನ ಹಕ್ಕಿಗಳೆಲ್ಲ ತಲೆ ಕಪ್ಪಾಗಿಸಿಕೊಳ್ಳುತ್ತಿರುವಾಗ ಒಂದು ಮಾತ್ರ ಬಿಳಿಯಾಗಿಯೇ ಉಳಿದಿದ್ದರೆ ಅದನ್ನು ಇನ್ನೊಮ್ಮೆ ನೋಡುವುದು ಲೇಸು.

ನಿಮ್ಮ ಫೆಬ್ರುವರಿಯ ಹಕ್ಕಿ ಬಹುಶಃ ಮೂರನೆಯ ಪ್ರಭೇದವಲ್ಲ. ಮುಸುಕುಳ್ಳ ಕಡಲಕ್ಕಿಗಳು ಗೂಡಿನ ನೆಲೆಗೆ ಮರಳುವ ಮೊದಲೇ ತಲೆಯ ಮತ್ತು ಮೈಯ ಗರಿಗಳನ್ನು ಬದಲಿಸತೊಡಗುತ್ತವೆ. ಮುಸುಕು ತೇಪೆ ತೇಪೆಯಾಗಿ ಮೂಡುತ್ತದೆ, ಎಲ್ಲ ಹಕ್ಕಿಗಳಲ್ಲಿಯೂ ಒಂದೇ ದಿನ ಅಲ್ಲ. ಜನವರಿಯಿಂದ ಮಾರ್ಚಿಯವರೆಗೆ ಒಂದೇ ಹಿಂಡಿನಲ್ಲಿ ಬಿಳಿತಲೆ, ಅರೆಮುಸುಕು, ಪೂರ್ಣಮುಸುಕು ಮೂರೂ ಸಿಗುತ್ತವೆ. ಆದರೆ ಹಕ್ಕಿ ಸುತ್ತಲಿನವಕ್ಕಿಂತ ಬಹಳ ದೊಡ್ಡದಾಗಿದ್ದು, ಕೊಕ್ಕು ಹಳದಿಯಾಗಿ ತುದಿಯ ಬಳಿ ಕರಿಪಟ್ಟಿ ಇದ್ದು, ಕಣ್ಣಿನ ಮೇಲೆ ಮತ್ತು ಕೆಳಗೆ ಬಿಳಿ ಅರ್ಧಚಂದ್ರಗಳು ಕಂಡಿದ್ದರೆ ನೀವು ನೋಡಿದ್ದು ಪಲ್ಲಾಸ್ ಕಡಲಕ್ಕಿ. ಅದರ ಮುಸುಕು ನಿಜಕ್ಕೂ ಕಪ್ಪು, ಚಳಿಗಾಲದಲ್ಲಿಯೂ ಕಣ್ಣಿನ ಸುತ್ತ ಅದರ ನೆರಳು ಉಳಿದಿರುತ್ತದೆ.

ಪ್ರಶ್ನೆ: ದೊಡ್ಡ ಕಡಲಕ್ಕಿಯೊಂದರ ಚಿತ್ರವನ್ನು ಮೂವರು ಅನುಭವಿಗಳಿಗೆ ತೋರಿಸಿದೆ. ಬೆನ್ನು ಗಾಢ ಬೂದು, ಕಾಲು ಹಳದಿ. ಒಬ್ಬರು ಸಣ್ಣ ಕರಿಬೆನ್ನಿನ ಕಡಲಕ್ಕಿ ಎಂದರು, ಇನ್ನೊಬ್ಬರು ಹ್ಯೂಗ್ಲಿನ್ ಕಡಲಕ್ಕಿ ಎಂದರು, ಮೂರನೆಯವರು ನಕ್ಕು ಸುಮ್ಮನಾದರು. ಯಾರನ್ನು ನಂಬಲಿ?

ಉತ್ತರ: ಮೊದಲಿನ ಇಬ್ಬರೂ ಸರಿಯಿರಬಹುದು, ಏಕೆಂದರೆ ಹ್ಯೂಗ್ಲಿನ್ ಕಡಲಕ್ಕಿಯನ್ನು ಕೆಲವು ಪಟ್ಟಿಗಳು ಪ್ರತ್ಯೇಕ ಪ್ರಭೇದವೆಂದೂ ಕೆಲವು ಸಣ್ಣ ಕರಿಬೆನ್ನಿನ ಕಡಲಕ್ಕಿಯ ಉಪಪ್ರಭೇದವೆಂದೂ ಎಣಿಸುತ್ತವೆ. ನಕ್ಕು ಸುಮ್ಮನಾದವರೇ ಎಲ್ಲರಿಗಿಂತ ಅನುಭವಿ ಇರಬೇಕು.

ಭಿನ್ನಾಭಿಪ್ರಾಯಕ್ಕೆ ಹಕ್ಕಿಗಳ ಇತಿಹಾಸವೇ ಕಾರಣ. ಹೆರಿಂಗ್ ಕಡಲಕ್ಕಿ, ಸಣ್ಣ ಕರಿಬೆನ್ನಿನ ಕಡಲಕ್ಕಿ ಮತ್ತು ಅವುಗಳ ನಂಟಿನ ದೊಡ್ಡ ಕಡಲಕ್ಕಿಗಳು ಉತ್ತರ ಧ್ರುವದ ಸುತ್ತಲಿನ ನೆಲದಲ್ಲಿ ಒಂದರ ಪಕ್ಕ ಒಂದು ಹರಡಿಕೊಂಡಿವೆ. ಪಕ್ಕಪಕ್ಕದವು ಒಂದನ್ನೊಂದು ಬಹಳ ಹೋಲುತ್ತವೆ. 1942ರಲ್ಲಿ ಜೀವವಿಜ್ಞಾನಿ ಅರ್ನ್ಸ್ಟ್ ಮೇಯರ್ ಇದನ್ನು ‘ಉಂಗುರ ಪ್ರಭೇದ’ಕ್ಕೆ ಮಾದರಿ ಉದಾಹರಣೆಯಾಗಿ ವಿವರಿಸಿದರು: ಧ್ರುವವನ್ನು ಸುತ್ತುವರಿದ ಸರಪಳಿಯ ನೆರೆಹೊರೆಯ ಕೊಂಡಿಗಳು ಒಂದರೊಡನೊಂದು ಕೂಡುತ್ತವೆ, ಆದರೆ ಎರಡು ತುದಿಗಳು ಯುರೋಪಿನಲ್ಲಿ ಸಂಧಿಸಿದಾಗ ಬೇರೆ ಬೇರೆ ಪ್ರಭೇದಗಳಂತೆ ವರ್ತಿಸುತ್ತವೆ ಎಂಬುದು ಅವರ ವಾದ. ಬಹುಕಾಲ ಪಠ್ಯಪುಸ್ತಕಗಳಲ್ಲಿ ಮೆರೆದ ಈ ಅಂದವಾದ ಚಿತ್ರವನ್ನು 2004ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದು ಒಪ್ಪಲಿಲ್ಲ. ಉಂಗುರ ಎಂದೂ ಪೂರ್ತಿ ಮುಚ್ಚಿಕೊಂಡಿರಲಿಲ್ಲ, ಉತ್ತರ ಅಮೆರಿಕದ ಹೆರಿಂಗ್ ಕಡಲಕ್ಕಿ ಯುರೋಪಿನ ಹೆರಿಂಗ್ ಕಡಲಕ್ಕಿಯ ಹತ್ತಿರದ ನಂಟಲ್ಲ ಎಂದು ಅದು ತೋರಿಸಿತು. ಈ ಗುಂಪಿನ ಪ್ರಭೇದಗಳು ಕವಲೊಡೆದು ಹೆಚ್ಚು ಕಾಲವಾಗಿಲ್ಲ, ಕೆಲವೆಡೆ ಅವು ಇಂದಿಗೂ ಬೆರೆಯುತ್ತವೆ. ಉತ್ತರ ಅಮೆರಿಕದ ಪೆಸಿಫಿಕ್ ತೀರದಲ್ಲಿ ಎರಡು ದೊಡ್ಡ ಪ್ರಭೇದಗಳ ಮಿಶ್ರಸಂತಾನ ಎಷ್ಟು ಸಾಮಾನ್ಯವೆಂದರೆ ಅಲ್ಲಿಯ ವೀಕ್ಷಕರಿಗೆ ಶುದ್ಧವಾದ ಹಕ್ಕಿಯನ್ನು ಹುಡುಕುವುದೇ ಒಂದು ಕೆಲಸ.

ಬೆನ್ನಿನ ಬೂದುಬಣ್ಣದ ಗಾಢತೆ ಈ ಗುಂಪಿನಲ್ಲಿ ಮುಖ್ಯ ಲಕ್ಷಣ. ಬಿಳಿಗೆ 0, ಕಪ್ಪಿಗೆ 19 ಎಂದು ಗುರುತು ಹಾಕಿದ ಕೊಡಾಕ್ ಬೂದುಪಟ್ಟಿಯೊಡನೆ ಅದನ್ನು ಹೋಲಿಸುವ ಪದ್ಧತಿಯೇ ಇದೆ. ಆದರೆ ಆ ಹೋಲಿಕೆ ಕೈಯಲ್ಲಿ ಹಿಡಿದ ಹಕ್ಕಿಗೆ ಅಥವಾ ಸಂಗ್ರಹಾಲಯದ ಮಾದರಿಗೆ ಸರಿ. ಬಯಲಿನಲ್ಲಿ ಅದೇ ಹಕ್ಕಿ ಬಿಸಿಲಿಗೆ ಎದುರಾದಾಗ ತಿಳಿಯಾಗಿಯೂ ಪಕ್ಕಕ್ಕೆ ತಿರುಗಿದಾಗ ಗಾಢವಾಗಿಯೂ ಕಾಣುತ್ತದೆ, ಛಾಯಾಚಿತ್ರದಲ್ಲಿ ಕ್ಯಾಮೆರಾ ಮಾಡುವ ಬೆಳಕಿನ ತಿದ್ದುಪಡಿ ಇದಕ್ಕೆ ಸೇರಿಕೊಳ್ಳುತ್ತದೆ. ಒಂದೇ ಕೋನದಲ್ಲಿ ನಿಂತ ಎರಡು ಹಕ್ಕಿಗಳನ್ನು ಪರಸ್ಪರ ಹೋಲಿಸಿದರೆ ಅದಕ್ಕೆ ಬೆಲೆಯಿದೆ. ಒಂಟಿ ಹಕ್ಕಿಯ ಒಂದೇ ಚಿತ್ರದಿಂದ ಬೂದಿನ ತೀರ್ಮಾನ ಮಾಡುವುದು ಕಷ್ಟ. ಗಾತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ: ಗಂಡು ಹೆಣ್ಣಿಗಿಂತ ದೊಡ್ಡದು, ಅದರ ತಲೆ ಮತ್ತು ಕೊಕ್ಕು ದಪ್ಪ. ಒಂದು ಪ್ರಭೇದದ ಸಣ್ಣ ಹೆಣ್ಣು ಮತ್ತು ದೊಡ್ಡ ಗಂಡು ಪಕ್ಕದಲ್ಲಿ ನಿಂತರೆ ಅವು ಎರಡು ಪ್ರಭೇದಗಳೆಂದೇ ತೋರುತ್ತವೆ.

ಹೆಚ್ಚು ನೆರವಾಗುವುದು ರೆಕ್ಕೆಯ ಗರಿಗಳ ಬದಲಾವಣೆಯ ಕಾಲ. ರಷ್ಯಾದ ಉತ್ತರದ ತಂಪುಬಯಲಿನಲ್ಲಿ ಗೂಡು ಕಟ್ಟಿ ಬಹುದೂರ ವಲಸೆ ಬರುವ ಹ್ಯೂಗ್ಲಿನ್ ಕಡಲಕ್ಕಿ ಈ ಕೆಲಸವನ್ನು ತಡವಾಗಿ ಮುಗಿಸುತ್ತದೆ. ನಡುಚಳಿಗಾಲದಲ್ಲಿಯೂ ಅದರ ತುದಿಗರಿಗಳು ಇನ್ನೂ ಪೂರ್ತಿ ಬೆಳೆಯದೆ ರೆಕ್ಕೆ ಮೊಂಡಾಗಿ ಕಾಣುವುದುಂಟು. ಮುಂದಿನ ಬಾರಿ ಹಕ್ಕಿ ರೆಕ್ಕೆ ಬಿಚ್ಚಿದ ಕ್ಷಣದ ಚಿತ್ರ, ದಿನಾಂಕ, ಪಕ್ಕದಲ್ಲಿ ಇನ್ನೊಂದು ಗೊತ್ತಿರುವ ಹಕ್ಕಿ, ಇವು ಮೂರೂ ಇದ್ದರೆ ಆ ಮೂವರೂ ಒಂದೇ ಮಾತಿಗೆ ಬರಬಹುದು. ಬಾರದಿದ್ದರೆ ‘ದೊಡ್ಡ ಕಡಲಕ್ಕಿ, ಪ್ರೌಢ, ಪ್ರಭೇದ ಅನಿಶ್ಚಿತ’ ಎಂದು ಬರೆಯಿರಿ. ಆ ದಾಖಲೆ ತಪ್ಪು ಹೆಸರಿನ ದಾಖಲೆಗಿಂತ ಮೇಲು.

ಪ್ರಶ್ನೆ: ಅಳಿವೆಗೆ ಹೋದಾಗಲೆಲ್ಲ ಹಕ್ಕಿಗಳು ಬಹುದೂರ ಚುಕ್ಕೆಗಳಂತೆ ಇರುತ್ತವೆ. ಯಾವ ಹೊತ್ತಿಗೆ ಹೋಗಬೇಕು? ದುರ್ಬೀನು ಸಾಕೇ?

ಉತ್ತರ: ಗಡಿಯಾರ ನೋಡುವ ಮೊದಲು ಉಬ್ಬರ-ಇಳಿತದ ಪಟ್ಟಿಯನ್ನು ನೋಡಿ. ಇಳಿತದಲ್ಲಿ ಕೆಸರುಬಯಲು ವಿಸ್ತಾರವಾಗಿ ತೆರೆದುಕೊಳ್ಳುವುದರಿಂದ ಹಕ್ಕಿಗಳು ಚದುರಿ ನೀರಿನಂಚಿಗೆ ಹೊರಟುಹೋಗುತ್ತವೆ. ನೀವು ಹೋಗುತ್ತಿರುವುದು ಬಹುಶಃ ಆ ಹೊತ್ತಿಗೆ. ನೀರು ಏರತೊಡಗಿದಂತೆ ನಿಲ್ಲುವ ಜಾಗ ಕಿರಿದಾಗಿ, ಪೂರ್ಣ ಉಬ್ಬರಕ್ಕೆ ಒಂದೆರಡು ಗಂಟೆ ಇರುವಾಗ ಅವು ಉಳಿದ ದಿಣ್ಣೆಗಳ ಮೇಲೆ ಒತ್ತೊತ್ತಾಗಿ, ಬಹಳ ಸಲ ದಡಕ್ಕೆ ಹತ್ತಿರವಾಗಿ, ಸೇರುತ್ತವೆ. ಹೆಚ್ಚಿನ ಅಳಿವೆಗಳಲ್ಲಿ ಎರಡು ಉಬ್ಬರಗಳ ನಡುವೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುತ್ತದೆ. ಅಂದರೆ ಉಬ್ಬರದ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಈ ಭಾನುವಾರ ಸರಿಹೊಂದಿದ ಗಳಿಗೆ ಮುಂದಿನ ಭಾನುವಾರಕ್ಕೆ ಹೊಂದುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರುವುದರಿಂದ ಹಕ್ಕಿಗಳು ನಿಲ್ಲುತ್ತಿದ್ದ ದಿಣ್ಣೆಯೇ ಮುಳುಗಿ ಅವು ಬೇರೆಡೆಗೆ ಹೋಗಬಹುದು, ಆಗ ಉಬ್ಬರಕ್ಕೆ ಇನ್ನೂ ಮೊದಲೇ ಹೋಗಬೇಕು.

ಎರಡನೆಯ ಒಳ್ಳೆಯ ಹೊತ್ತು ಸೂರ್ಯಾಸ್ತಕ್ಕೆ ಮುಂಚಿನ ಒಂದೆರಡು ಗಂಟೆ. ಹಗಲೆಲ್ಲ ಬಂದರು, ಹೊಲ, ಕಸದ ರಾಶಿಗಳಲ್ಲಿ ಹೊಟ್ಟೆ ಹೊರೆದ ಕಡಲಕ್ಕಿಗಳು ರಾತ್ರಿಯ ತಂಗುದಾಣಕ್ಕೆ ಸಾಲುಸಾಲಾಗಿ ಬರುತ್ತವೆ. ದಾರಿಯಲ್ಲಿ ಸಿಹಿನೀರು ಅಳಿವೆಗೆ ಸೇರುವ ಜಾಗದಲ್ಲಿ ಇಳಿದು ಮೀಯುವುದು ಅವುಗಳ ರೂಢಿ. ಮಿಂದ ಹಕ್ಕಿ ರೆಕ್ಕೆ ಕೊಡವುತ್ತದೆ, ಬಾಲ ಬಿಚ್ಚುತ್ತದೆ, ಗರಿಗಳನ್ನು ಒಂದೊಂದಾಗಿ ತೀಡುತ್ತದೆ. ಕುಳಿತ ಹಕ್ಕಿ ಅಡಗಿಸಿಟ್ಟುಕೊಳ್ಳುವ ಗುರುತುಗಳೆಲ್ಲ ಆಗ ಬಯಲಾಗುತ್ತವೆ. ಮೀಯುವ ತಾಣವೊಂದನ್ನು ಪತ್ತೆಹಚ್ಚಿದರೆ ಆ ಚಳಿಗಾಲದ ಅರ್ಧ ಕೆಲಸ ಮುಗಿದಂತೆ.

ಬೆಳಕು ಬೆನ್ನ ಹಿಂದಿರಲಿ. ತೆಳುಮೋಡದ ದಿನ ಬೂದುಬಣ್ಣದ ಏರಿಳಿತಗಳು ಕಡುಬಿಸಿಲಿಗಿಂತ ಸ್ಪಷ್ಟವಾಗಿ ಕಾಣುತ್ತವೆ. ಉಪಕರಣದ ಮಟ್ಟಿಗೆ, ಹಾರುವ ಹಕ್ಕಿಗೆ 8 ಪಟ್ಟು ಅಥವಾ 10 ಪಟ್ಟಿನ ದುರ್ಬೀನು ಸಾಕು. ಕುಳಿತ ಹಿಂಡನ್ನು ಒಂದೊಂದಾಗಿ ಶೋಧಿಸಲು ಮುಕ್ಕಾಲಿಯ ಮೇಲಿಟ್ಟ ಸ್ಕೋಪ್ ಬೇಕು. ಹತ್ತಿರ ಹೋಗುವ ಆಸೆಯನ್ನು ಮಾತ್ರ ತಡೆದುಕೊಳ್ಳಿ. ಉಬ್ಬರದ ಹೊತ್ತಿಗೆ ದಿಣ್ಣೆಯ ಮೇಲೆ ನಿಂತಿರುವುದು ಕಡಲಕ್ಕಿಗಳಷ್ಟೇ ಅಲ್ಲ, ಅವುಗಳ ನಡುವೆ ಸಣ್ಣ ಗೊರವಗಳೂ ವಿಶ್ರಮಿಸುತ್ತಿರುತ್ತವೆ. ಒಮ್ಮೆ ಎಬ್ಬಿಸಿದರೆ ಅವುಗಳಿಗೆ ಬೇರೆ ಜಾಗವಿರುವುದಿಲ್ಲ.

ಪ್ರಶ್ನೆ: ಕಡಲಕ್ಕಿಯೊಂದರ ಕೊಕ್ಕಿನ ತುದಿಯಿಂದ ನೀರಹನಿಗಳು ತೊಟ್ಟಿಕ್ಕುತ್ತಿದ್ದವು, ಅದು ಆಗಾಗ ತಲೆ ಕೊಡವುತ್ತಿತ್ತು. ಕಾಯಿಲೆಯೇ? ಇನ್ನೊಂದು ಕೆಸರಿನಲ್ಲಿ ನಿಂತಲ್ಲಿಯೇ ಕಾಲು ಕುಣಿಸುತ್ತಿತ್ತು.

ಉತ್ತರ: ಕಾಯಿಲೆಯಲ್ಲ. ಕಡಲಕ್ಕಿಯ ಕಣ್ಣುಗಳ ಮೇಲ್ಭಾಗದಲ್ಲಿ ಒಂದು ಜೊತೆ ಉಪ್ಪಿನ ಗ್ರಂಥಿಗಳಿವೆ. ಸಮುದ್ರದ ನೀರು ಮತ್ತು ಅಲ್ಲಿಯ ಆಹಾರದಿಂದ ಮೈಗೆ ಸೇರಿದ ಹೆಚ್ಚಿನ ಉಪ್ಪನ್ನು ಹಕ್ಕಿಯ ಮೂತ್ರಪಿಂಡ ಒಂದೇ ಹೊರಹಾಕಲಾರದು. ಈ ಗ್ರಂಥಿಗಳು ಅದನ್ನು ಸಮುದ್ರದ ನೀರಿಗಿಂತಲೂ ಉಪ್ಪಾದ ದ್ರವವಾಗಿ ಮೂಗಿನ ಹೊಳ್ಳೆಗೆ ಸಾಗಿಸುತ್ತವೆ, ಅದು ಕೊಕ್ಕಿನ ಗುಂಟ ಇಳಿದು ತುದಿಯಲ್ಲಿ ಹನಿಯಾಗುತ್ತದೆ. 1950ರ ದಶಕದ ಕೊನೆಯಲ್ಲಿ ಶರೀರವಿಜ್ಞಾನಿ ನಟ್ ಶ್ಮಿಟ್-ನೀಲ್ಸನ್ ಮತ್ತು ಸಂಗಡಿಗರು ಕಡಲಿನ ಹಕ್ಕಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಈ ಗ್ರಂಥಿಗಳ ಕೆಲಸ ಸ್ಪಷ್ಟವಾಯಿತು. ಹೆರಿಂಗ್ ಕಡಲಕ್ಕಿ ಆ ಪ್ರಯೋಗಗಳಲ್ಲಿ ಒಂದು ಪಾತ್ರಧಾರಿ.

ಕಾಲು ಕುಣಿಸುವುದು ಊಟದ ಉಪಾಯ. ತೇವದ ಕೆಸರನ್ನು ತುಳಿಯುತ್ತಿದ್ದರೆ ಒಳಗಿನ ಹುಳುಗಳೂ ಸಣ್ಣ ಜೀವಿಗಳೂ ಮೇಲೆ ಬರುತ್ತವೆ. ದೊಡ್ಡ ಕಡಲಕ್ಕಿಗಳು ಚಿಪ್ಪಿನ ಜೀವಿಗಳನ್ನು ಎತ್ತರಕ್ಕೆ ಒಯ್ದು ಬಂಡೆಯ ಮೇಲೆ ಬೀಳಿಸಿ ಒಡೆಯುವುದನ್ನೂ, ಗೊರವ ಕಷ್ಟಪಟ್ಟು ಎಳೆದ ಹುಳುವನ್ನು ಕರಿತಲೆ ಕಡಲಕ್ಕಿ ಕಸಿದುಕೊಳ್ಳುವುದನ್ನೂ ತಾಳ್ಮೆಯಿದ್ದರೆ ನೋಡಬಹುದು. ಗುರುತಿಸುವ ಗಡಿಬಿಡಿಯಲ್ಲಿ ನಾವು ಹೆಚ್ಚಾಗಿ ಕಳೆದುಕೊಳ್ಳುವುದು ಇದನ್ನೇ. ದೊಡ್ಡ ಕಡಲಕ್ಕಿಗಳ ಕೆಳಗೊಕ್ಕಿನ ಕೆಂಪು ಚುಕ್ಕೆಯನ್ನು ನಾವು ವಯಸ್ಸಿನ ಗುರುತಾಗಿ ಬಳಸುತ್ತೇವೆ, ಮರಿಗೆ ಅದು ಊಟದ ಗಂಟೆ. ಆ ಚುಕ್ಕೆಯನ್ನು ಮರಿ ಕುಟುಕಿದರೆ ತಾಯಿ ಅಥವಾ ತಂದೆ ಆಹಾರ ಕಕ್ಕಿ ಕೊಡುತ್ತದೆ ಎಂಬುದನ್ನು ಬಣ್ಣ ಬಣ್ಣದ ನಕಲಿ ಕೊಕ್ಕುಗಳಿಂದ ಪರೀಕ್ಷಿಸಿದವರು ನಿಕೋ ಟಿನ್‌ಬರ್ಗನ್. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ ಅವರು 1973ರ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರೊಡನೆ ಹಂಚಿಕೊಂಡರು.

ಪ್ರಶ್ನೆ: ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗಿನ ಜಲಾಶಯದಲ್ಲಿ ಕಡಲಕ್ಕಿಗಳಿದ್ದವು. ದಾರಿ ತಪ್ಪಿ ಬಂದವೇ?

ಉತ್ತರ: ಇಲ್ಲ. ಅವುಗಳಿಗೆ ಕಡಲಿನ ಹೆಸರಿಟ್ಟವರು ನಾವು. ಕಂದುತಲೆ ಕಡಲಕ್ಕಿ ಗೂಡು ಕಟ್ಟುವುದು ಟಿಬೆಟ್ ಪ್ರಸ್ಥಭೂಮಿ ಮತ್ತು ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ, ಕಡಲಿಗೆ ಬರುವುದು ಚಳಿಗಾಲ ಕಳೆಯಲು ಮಾತ್ರ. ದಕ್ಷಿಣ ಅಮೆರಿಕದ ಬೂದು ಕಡಲಕ್ಕಿ ಇನ್ನೂ ವಿಚಿತ್ರ: ಆಹಾರಕ್ಕೆ ಪೆಸಿಫಿಕ್ ತೀರ, ಗೂಡಿಗೆ ಅಟಕಾಮ ಮರುಭೂಮಿಯ ಒಣನೆಲ. ಅಮೆರಿಕದ ಯೂಟಾ ರಾಜ್ಯ ಸಮುದ್ರದಿಂದ ಬಹುದೂರದಲ್ಲಿದ್ದರೂ ಅದರ ರಾಜ್ಯಪಕ್ಷಿ ಕ್ಯಾಲಿಫೋರ್ನಿಯಾ ಕಡಲಕ್ಕಿ. 1848ರಲ್ಲಿ ಅಲ್ಲಿಯ ವಲಸಿಗರ ಪೈರಿಗೆ ಮುತ್ತಿದ ಕೀಟಗಳನ್ನು ಈ ಹಕ್ಕಿಗಳು ತಿಂದವೆಂಬ ನೆನಪಿಗೆ ಸಾಲ್ಟ್ ಲೇಕ್ ಸಿಟಿಯಲ್ಲಿ ಸ್ಮಾರಕವೇ ಇದೆ. ಜಲಾಶಯದಲ್ಲಿ ಕಂಡ ಹಕ್ಕಿಗಳನ್ನು ಅಳಿವೆಯವುಗಳಷ್ಟೇ ಶ್ರದ್ಧೆಯಿಂದ ದಾಖಲಿಸಿ, ವಲಸೆಯ ನಡುದಾರಿ ಅಲ್ಲಿಯೇ ತಿಳಿಯುತ್ತದೆ.

ಪ್ರಶ್ನೆ: ಕಾಲಿಗೆ ಬಣ್ಣದ ಬಳೆ ತೊಡಿಸಿದ್ದ ಹಕ್ಕಿಯೊಂದನ್ನು ಕಂಡೆ, ಅದರ ಮೇಲೆ ಅಕ್ಷರಗಳಿದ್ದವು. ಏನು ಮಾಡಬೇಕಿತ್ತು? ಪ್ರತಿ ಭೇಟಿಯಲ್ಲಿ ಏನನ್ನು ಬರೆದಿಡಬೇಕು ಎಂಬುದನ್ನೂ ತಿಳಿಸಿ.

ಉತ್ತರ: ಬಳೆಯ ಬಣ್ಣ, ಅಕ್ಷರಗಳ ಬಣ್ಣ, ಯಾವ ಕಾಲು, ಇನ್ನೊಂದು ಕಾಲಿನಲ್ಲಿ ಲೋಹದ ಬಳೆ ಇತ್ತೇ, ಇವಿಷ್ಟನ್ನೂ ಅಕ್ಷರಗಳ ಜೊತೆಗೆ ಬರೆಯಬೇಕು. ಬಳೆಯ ಸಂಕೇತವನ್ನು ಸಾಮಾನ್ಯವಾಗಿ ಪಾದದ ಕಡೆಯಿಂದ ಮೇಲಕ್ಕೆ ಓದುತ್ತಾರೆ. ಒಂದು ಅಕ್ಷರ ಕಾಣದಿದ್ದರೆ ಊಹಿಸದೆ ಆ ಜಾಗವನ್ನು ಖಾಲಿ ಬಿಡಿ. ಚಿತ್ರ ತೆಗೆದಿದ್ದರೆ ಅದನ್ನೂ ಸೇರಿಸಿ, ಹಕ್ಕಿಗಳಿಗೆ ಬಳೆ ತೊಡಿಸುವ ಕಾರ್ಯಕ್ರಮ ನಡೆಸುವ ಸಂಸ್ಥೆಗೆ ವರದಿ ಕಳಿಸಿದರೆ ಹಕ್ಕಿಗೆ ಎಲ್ಲಿ, ಯಾವಾಗ ಬಳೆ ತೊಡಿಸಿದರು ಎಂಬ ವಿವರ ಹೆಚ್ಚಾಗಿ ಮರಳಿ ಬರುತ್ತದೆ. ಕರಿತಲೆ ಮತ್ತು ಹೆರಿಂಗ್ ಕಡಲಕ್ಕಿಗಳು 30 ವರ್ಷಗಳಿಗೂ ಹೆಚ್ಚು ಕಾಲ ಬದುಕಬಲ್ಲವೆಂದು ನಮಗೆ ತಿಳಿದಿರುವುದು ಇಂತಹ ಬಳೆಗಳಿಂದಲೇ.

ಟಿಪ್ಪಣಿಗೆ ದಿನಾಂಕ, ಹೊತ್ತು, ಉಬ್ಬರದ ಸ್ಥಿತಿ ಮತ್ತು ಬೆಳಕು ಮೊದಲು ಬರಲಿ. ಹಿಂಡು ದೊಡ್ಡದಿದ್ದರೆ ಹತ್ತು ಹಕ್ಕಿಗಳು ಎಷ್ಟು ಜಾಗ ತುಂಬುತ್ತವೆ ಎಂದು ನೋಡಿಕೊಂಡು ಅದೇ ಅಳತೆಯಿಂದ ಇಡೀ ಹಿಂಡನ್ನು ಅಳೆಯಿರಿ. ಸಂಖ್ಯೆಯ ಮುಂದೆ ‘ಎಣಿಕೆ’ ಅಥವಾ ‘ಅಂದಾಜು’ ಎಂದು ಬರೆಯಲು ಮರೆಯಬೇಡಿ. ಪ್ರೌಢ ಹಕ್ಕಿಗಳನ್ನೂ ಮೊದಲ ಚಳಿಗಾಲದವನ್ನೂ ಬೇರೆ ಬೇರೆ ಎಣಿಸಿದರೆ ಆ ವರ್ಷದ ಮರಿಗಳು ಎಷ್ಟು ಬಂದಿವೆ ಎಂಬ ಸುಳಿವು ಸಿಗುತ್ತದೆ. ಗರಿಗಳ ಸವೆತವನ್ನೂ ಗಮನಿಸಿ: ಕಪ್ಪು ಗರಿಗೆ ಬಣ್ಣ ಕೊಡುವ ಮೆಲನಿನ್ ಅದನ್ನು ಗಟ್ಟಿಗೊಳಿಸುತ್ತದೆ, ಬಿಳಿ ಭಾಗಕ್ಕೆ ಆ ರಕ್ಷೆಯಿಲ್ಲ. ನವೆಂಬರಿನಲ್ಲಿ ರೆಕ್ಕೆಯ ತುದಿಯಲ್ಲಿ ಸಾಲಾಗಿದ್ದ ಬಿಳಿ ಅಂಚುಗಳು ಮಾರ್ಚಿಯ ಹೊತ್ತಿಗೆ ಸವೆದು ಸಣ್ಣದಾಗಿರುತ್ತವೆ, ಕೆಲವು ಇಲ್ಲವಾಗಿರುತ್ತವೆ. ಕೈಪಿಡಿಯ ಚಿತ್ರದಲ್ಲಿರುವ ಬಿಳಿ ಚುಕ್ಕೆ ನಿಮ್ಮ ಹಕ್ಕಿಯಲ್ಲಿ ಕಾಣದಿದ್ದರೆ ಪ್ರಭೇದವನ್ನು ಬದಲಿಸುವ ಮೊದಲು ಕ್ಯಾಲೆಂಡರನ್ನು ಒಮ್ಮೆ ನೋಡಿ.

ಸತ್ತ ಅಥವಾ ಕುಸಿದು ಬಿದ್ದ ಹಕ್ಕಿ ಸಿಕ್ಕರೆ, ಬಳೆ ಇದ್ದರೂ ಸಹ, ಬರಿಗೈಯಿಂದ ಮುಟ್ಟಬೇಡಿ. ಇತ್ತೀಚಿನ ವರ್ಷಗಳ ಹಕ್ಕಿಜ್ವರ ಕಡಲಕ್ಕಿಗಳನ್ನೂ ದೊಡ್ಡ ಸಂಖ್ಯೆಯಲ್ಲಿ ಬಲಿತೆಗೆದುಕೊಂಡಿದೆ. ದೂರದಿಂದಲೇ ಬಳೆಯ ಚಿತ್ರ ತೆಗೆದುಕೊಂಡು, ಪಶುವೈದ್ಯ ಇಲಾಖೆಗೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ.